ಹಳೆಯ ನಕಾಶೆಯಲ್ಲಿ ಮನೆತನದ ಮೂಲ: ಕಾಗಲ–ಗಡಹಿಂಗ್ಲಜ ಸೀಮೆಯ ಕುಟುಂಬಗಳಿಗೆ ಒಂದು ಮಾರ್ಗದರ್ಶಿ

ಹಳೆಯ ನಕಾಶೆಯಲ್ಲಿ ಯಾರ ಹೆಸರೂ ಇರುವುದಿಲ್ಲ. ಊರು, ಹೊಳೆ, ದಾರಿ, ಗಡಿಗೆರೆ, ಸರ್ವೆ ನಂಬರು ಇಷ್ಟೇ ಇರುತ್ತವೆ. ಆದರೂ ಮನೆತನದ ಇತಿಹಾಸ ಹುಡುಕುವವರು ಮೊದಲು ಬಿಚ್ಚಬೇಕಾದ ಕಾಗದ ಅದೇ. ಮುತ್ತಜ್ಜನ ಊರು ಆ ಕಾಲಕ್ಕೆ ಯಾರ ಆಡಳಿತದಲ್ಲಿತ್ತು, ಅಲ್ಲಿಯ ದಾಖಲೆ ಯಾವ ದಫ್ತರಕ್ಕೆ ಹೋಗಿ ಸೇರಿತು, ಒಂದೇ ಹೆಸರಿನ ಮೂರು ಊರುಗಳಲ್ಲಿ ಮನೆಯವರು ಹೇಳುವುದು ಯಾವುದನ್ನು ಎಂಬ ಪ್ರಶ್ನೆಗಳಿಗೆ ನಕಾಶೆಯೇ ಉತ್ತರ ಕೊಡಬೇಕು. ಈ ಮಾತು ಎಲ್ಲ ಕಡೆಗೂ ಸಲ್ಲುತ್ತದೆ. ಕಾಗಲ, ಗಡಹಿಂಗ್ಲಜ, ಇಚಲಕರಂಜಿಗಳ ಸೀಮೆಗಂತೂ ಇದು ಅನಿವಾರ್ಯ. ಇಲ್ಲಿಯ ಕನ್ನಡ ಮನೆತನಗಳು ನಾಲ್ಕು ತಲೆಮಾರಿನೊಳಗೆ ಒಂದೇ ಊರಲ್ಲಿ ಇದ್ದುಕೊಂಡೇ ಮೂರು ಆಡಳಿತಗಳನ್ನು ಕಂಡಿವೆ.

ಯಾರ ಸೀಮೆ ಎಲ್ಲಿತ್ತು

ಇಂದಿನ ಕೊಲ್ಹಾಪುರ ಜಿಲ್ಲೆಯ ಬಹುಭಾಗ 1949ರ ಮಾರ್ಚ್ 1ರವರೆಗೆ ಕೊಲ್ಹಾಪುರ ಸಂಸ್ಥಾನವಾಗಿತ್ತು. ಸಂಸ್ಥಾನದೊಳಗೂ ಆಡಳಿತ ಒಂದೇ ಬಗೆಯದಲ್ಲ. ಗಡಹಿಂಗ್ಲಜ ನೇರವಾಗಿ ದರ್ಬಾರಿನ ಕೈಯಲ್ಲಿದ್ದ ಪೇಟಾ, ಅಂದರೆ ತಾಲ್ಲೂಕಿನಂಥ ವಿಭಾಗ. ಕಾಗಲ ಘಾಟಗೆ ಮನೆತನದ ಜಹಗೀರು; ಅದರಲ್ಲಿ ಹಿರಿಯ ಪಾತಿ, ಕಿರಿಯ ಪಾತಿ ಎಂದು ಎರಡು ಶಾಖೆಗಳು. ರಾಜರ್ಷಿ ಶಾಹು ಮಹಾರಾಜರು 1874ರಲ್ಲಿ ಹುಟ್ಟಿದ್ದು ಈ ಘಾಟಗೆ ಮನೆತನದಲ್ಲೇ; 1884ರಲ್ಲಿ ದತ್ತಕವಾಗಿ ಕೊಲ್ಹಾಪುರದ ಗಾದಿಗೆ ಬಂದರು. ಇಚಲಕರಂಜಿ ಘೋರ್ಪಡೆಯವರ ಜಹಗೀರು. ದೂರದ ಆಜರೆಯೂ ಅವರಿಗೇ ಸೇರಿತ್ತು. ಕಾಪಶಿ ಇನ್ನೊಂದು ಜಹಗೀರು. ಕುರುಂದವಾಡ, ಮಿರಜ, ಸಾಂಗಲಿಗಳು ಪಟವರ್ಧನರ ಪ್ರತ್ಯೇಕ ಸಂಸ್ಥಾನಗಳು. ಕಾಗಲದಿಂದ ತೆಂಕಲಿಗೆ ದೂಧಗಂಗೆ ದಾಟಿ ಒಂದಿಷ್ಟು ನಡೆದರೆ ಬರುವ ನಿಪ್ಪಾಣಿ ಬ್ರಿಟಿಷರ ಬೆಳಗಾವಿ ಜಿಲ್ಲೆಯ ಚಿಕ್ಕೋಡಿ ತಾಲ್ಲೂಕಿನದಾಗಿತ್ತು.

ಗಡಿ ಒಂದೇ ಗೆರೆಯಾಗಿಯೂ ಇರಲಿಲ್ಲ. ರಾಯಬಾಗ, ಕಟಕೋಳ, ತೋರಗಲ್ಲು ಕೊಲ್ಹಾಪುರದಿಂದ ಎಷ್ಟೋ ದೂರ, ಬ್ರಿಟಿಷ್ ಸೀಮೆಯ ನಡುವೆ ಇದ್ದೂ ಕೊಲ್ಹಾಪುರಕ್ಕೆ ಸೇರಿದ್ದವು. ಇವು ಈಗ ಬೆಳಗಾವಿ ಜಿಲ್ಲೆಯಲ್ಲಿವೆ. ಚಂದಗಡ ಇದಕ್ಕೆ ತದ್ವಿರುದ್ಧ: 1956ರ ನವೆಂಬರ್ 1ರವರೆಗೆ ಬೆಳಗಾವಿ ಜಿಲ್ಲೆಯಲ್ಲಿದ್ದು, ರಾಜ್ಯ ಪುನರ್ವಿಂಗಡಣೆಯಲ್ಲಿ ಕೊಲ್ಹಾಪುರಕ್ಕೆ ಹೋಯಿತು. ಹೀಗಾಗಿ ರಾಯಬಾಗದ ಮನೆತನದ 1949ಕ್ಕಿಂತ ಹಿಂದಿನ ಕಾಗದವನ್ನು ಕೊಲ್ಹಾಪುರದಲ್ಲೂ, ಚಂದಗಡದವರ 1956ಕ್ಕಿಂತ ಹಿಂದಿನದನ್ನು ಬೆಳಗಾವಿಯಲ್ಲೂ ವಿಚಾರಿಸಬೇಕು. ಇಂದಿನ ಜಿಲ್ಲೆಯ ಗಡಿಯನ್ನೇ ನಂಬಿ ಹೊರಟವರು ತಿಂಗಳುಗಟ್ಟಲೆ ತಪ್ಪು ಕಚೇರಿಯಲ್ಲಿ ಕೂರಬೇಕಾಗುತ್ತದೆ. ಸಂಸ್ಥಾನಗಳ ಗಡಿಯನ್ನು ತೋರಿಸುವ 19ನೇ ಶತಮಾನದ ಒಂದು ನಕಾಶೆ ಮುಂದಿದ್ದರೆ ಆ ಶ್ರಮ ಉಳಿಯುತ್ತದೆ.

ಇಂಥ ನಕಾಶೆಗೆ ಸುಲಭದ ಆಧಾರ ಮುಂಬಯಿ ಸರ್ಕಾರದ ಹಳೆಯ ಗೆಜೆಟಿಯರು. ಬೆಳಗಾವಿ ಜಿಲ್ಲೆಯ ಸಂಪುಟ (21ನೆಯದು) 1884ರಲ್ಲಿ, ಕೊಲ್ಹಾಪುರದ ಸಂಪುಟ (24ನೆಯದು) 1886ರಲ್ಲಿ ಪ್ರಕಟವಾದವು. ಎರಡನ್ನೂ ಅಂತರಜಾಲದಲ್ಲಿ ಪುಕ್ಕಟೆಯಾಗಿ ಓದಬಹುದು. ಅವುಗಳಲ್ಲಿ ಪೇಟಾಗಳ ಹಳೆಯ ಹೆಸರುಗಳೂ ಸಿಗುತ್ತವೆ; ಇಂದಿನ ಹಾತಕಣಂಗಲೆ ತಾಲ್ಲೂಕಿನ ಸೀಮೆ ಅಲ್ಲಿ ಆಳತೆ ಪೇಟಾ ಎಂದಿದೆ. ಅದಕ್ಕೂ ಹಿಂದಿನ ಚಿತ್ರ ಬೇಕಾದವರಿಗೆ ಮೇಜರ್ ಗ್ರಹಾಂ ಬರೆದ ಕೊಲ್ಹಾಪುರ ಸಂಸ್ಥಾನದ ವರದಿ ಇದೆ, ಅದು 1854ರದು. ಗೆಜೆಟಿಯರಿನ ಸ್ಕ್ಯಾನ್ ಪ್ರತಿಗಳಲ್ಲಿ ಮಡಚಿದ ನಕಾಶೆಯನ್ನು ಬಿಚ್ಚದೆ ಹಾಗೇ ಸ್ಕ್ಯಾನ್ ಮಾಡಿರುವುದು ಸಾಮಾನ್ಯ. ಅಂಥಲ್ಲಿ ದೊಡ್ಡ ಗ್ರಂಥಾಲಯದ ಮುದ್ರಿತ ಪ್ರತಿಯನ್ನೇ ನೋಡಬೇಕು.

ಒಂದೇ ಹೆಸರಿನ ಊರುಗಳು

ಈ ಸೀಮೆಯಲ್ಲಿ ಅಡ್ಡಹೆಸರೇ ಊರಿನ ಗುರುತು. ನೂಲಕರ, ಹಲಕರ್ಣಿ, ಹುಕ್ಕೇರಿ, ನಿಪ್ಪಾಣಿಕರ, ಕಾಗಲಕರ ಎಂಬ ಮನೆತನಗಳು ತಮ್ಮ ಹಿರಿಯರು ಹಿಂದೆ ಬಿಟ್ಟುಬಂದ ಊರನ್ನು ಹೆಸರಿನಲ್ಲಿ ಉಳಿಸಿಕೊಂಡಿವೆ. ಊರಲ್ಲೇ ಉಳಿದವರನ್ನು ಊರ ಹೆಸರಿನಿಂದ ಕರೆಯುವ ಅಗತ್ಯ ಯಾರಿಗೂ ಬರುವುದಿಲ್ಲ. ಆದ್ದರಿಂದ ಇಂಥ ಅಡ್ಡಹೆಸರು ಸಿಕ್ಕರೆ ಅದು ವಲಸೆಯ ಸುಳಿವು ಎಂದು ಹಿಡಿದು ಮುಂದುವರಿಯಬಹುದು.

ತೊಡಕು ಬರುವುದು ಅದರ ನಂತರ. ಹಲಕರ್ಣಿ ಗಡಹಿಂಗ್ಲಜ ತಾಲ್ಲೂಕಿನಲ್ಲಿದೆ, ಚಂದಗಡ ತಾಲ್ಲೂಕಿನಲ್ಲಿದೆ, ಬೆಳಗಾವಿ ಜಿಲ್ಲೆಯ ಖಾನಾಪುರ ತಾಲ್ಲೂಕಿನಲ್ಲೂ ಇದೆ. ಆಗ ಮೊದಲನೆಯದು ಸಂಸ್ಥಾನದ್ದು, ಉಳಿದೆರಡು ಬೆಳಗಾವಿ ಜಿಲ್ಲೆಯವಾಗಿದ್ದವು. ದಾಖಲೆಗಳ ಹಾದಿಯೇ ಬೇರೆ ಬೇರೆ. ಗಡಹಿಂಗ್ಲಜ ತಾಲ್ಲೂಕೊಂದರಲ್ಲೇ ಹೆಬ್ಬಾಳ ಕಸಬಾ ನೂಲ, ಹೆಬ್ಬಾಳ ಜಲದ್ಯಾಳ ಎಂದು ಎರಡು ಹೆಬ್ಬಾಳಗಳಿವೆ. ಹಸೂರ ಚಂಪು, ಹಸೂರ ಸಾಸಗಿರಿ ಎಂದು ಎರಡು ಹಸೂರಗಳಿವೆ. ಕಾಗಲ ತಾಲ್ಲೂಕಿನಲ್ಲಿ ಕಸಬಾ ಸಾಂಗಾವ, ಮೌಜೆ ಸಾಂಗಾವ ಬೇರೆ ಬೇರೆ. ಮನೆಯಲ್ಲಿ ಹಿರಿಯರು ಬರೀ ‘ಹೆಬ್ಬಾಳ’ ಎನ್ನುತ್ತಾರೆ. ದಫ್ತರದ ಕಟ್ಟುಗಳಲ್ಲಿ ಪೂರ್ತಿ ಹೆಸರು ಇಲ್ಲದೆ ಏನೂ ಸಿಗದು. ಬುದ್ರುಕ, ಖುರ್ದ ಎಂಬ ಬಾಲಗಳನ್ನೂ ಬಿಡುವಂತಿಲ್ಲ. ಬೆಳಗಾವಿ ಕಡೆಯ ಕಾಗದಗಳಲ್ಲಿ ಅವು ಬಿ.ಕೆ., ಕೆ.ಎಚ್. ಎಂದಾಗಿವೆ.

ಕಾಗಲದ ಹೆಸರಿಗೂ ಇದೇ ಎಚ್ಚರ ಬೇಕು. ‘ನಮ್ಮ ಮೂಲ ಕಾಗಲ’ ಎಂದರೆ ಕಾಗಲ ಪಟ್ಟಣವೇ ಇರಬಹುದು, ಜಹಗೀರಿನ ಯಾವುದೋ ಹಳ್ಳಿ ಇರಬಹುದು, ಈಗಿನ ತಾಲ್ಲೂಕಿನ ಊರೂ ಇರಬಹುದು. ಇಂಗ್ಲಿಷ್ ಕಾಗದದಲ್ಲಿ ಬರೀ ಊರ ಹೆಸರು ಕಂಡರೆ ಇನ್ನೂ ಒಂದು ಸಾಧ್ಯತೆ ಇದೆ. ಉತ್ತರ ಕನ್ನಡದ ಕುಮಟಾ ತಾಲ್ಲೂಕಿನಲ್ಲಿ, ಅಘನಾಶಿನಿ ಅಳಿವೆಯ ಬಳಿ, ಸಮುದ್ರದ ಮಗ್ಗುಲಲ್ಲಿ ಕಾಗಾಲ ಎಂಬ ಊರಿದೆ. ಎರಡನ್ನೂ ಇಂಗ್ಲಿಷಿನಲ್ಲಿ ಒಂದೇ ರೀತಿ ಬರೆಯುತ್ತಾರೆ. ಎರಡೂ ಮುಂಬಯಿ ಸರ್ಕಾರದ ಕಾಗದಗಳಲ್ಲಿ ಬರುವ ಊರುಗಳೇ. ಪಕ್ಕದ ಊರುಗಳ ಹೆಸರನ್ನು ನಕಾಶೆಯಲ್ಲಿ ತಾಳೆ ನೋಡಿದರೆ ಸಂಶಯ ತೀರುತ್ತದೆ: ಮುರಗೂಡ, ಸಿದ್ಧನೇರ್ಲಿ, ಸಾಂಗಾವ ಜೊತೆಗಿದ್ದರೆ ಅದು ಘಟ್ಟದ ಮೇಲಿನ ಕಾಗಲ.

ಊರಿನ ಹೆಸರನ್ನು ಉಳಿಸಿಕೊಂಡವರು ಮನೆಯವರು ಮಾತ್ರವಲ್ಲ. ಉತ್ತರ ಕರ್ನಾಟಕದಲ್ಲಿ ಹೆಳವರು ತಲೆತಲಾಂತರದಿಂದ ತಮ್ಮ ಒಕ್ಕಲು ಮನೆಗಳ ವಂಶಾವಳಿಯನ್ನು ಬರೆದಿಟ್ಟು, ಸುಗ್ಗಿಯ ಹೊತ್ತಿಗೆ ಬಂದು ಓದಿ ಹೇಳುತ್ತಾರೆ. ಮೂಲಸ್ಥಳ ಯಾವುದು, ಅಲ್ಲಿಂದ ಎಲ್ಲಿಗೆ ಬಂದರು, ಮನೆದೇವರು ಯಾರು ಎಂಬುದು ಅವರ ಹೊತ್ತಿಗೆಯ ಮೊದಲ ಸಾಲುಗಳಲ್ಲೇ ಇರುತ್ತದೆ. ಅವರು ಹೇಳುವ ಊರುಗಳನ್ನು ಒಂದೊಂದಾಗಿ ಹಳೆಯ ನಕಾಶೆಯಲ್ಲಿ ಗುರುತಿಸಿದರೆ ಮನೆತನ ನಡೆದುಬಂದ ದಾರಿ ಕಣ್ಣೆದುರಿಗೆ ಬರುತ್ತದೆ. ಕುಟುಂಬದ ಇತಿಹಾಸಕ್ಕೆ ಇದರಷ್ಟು ಬೆಲೆಯುಳ್ಳ ಸಾಕ್ಷಿ ಈ ನಾಡಿನಲ್ಲಿ ಕಡಿಮೆ. ಹೆಳವರು ಬಂದಾಗ ದಾನ ಕೊಟ್ಟು ಕಳಿಸಿಬಿಡುವ ಬದಲು ಕುಳಿತು ಬರೆದುಕೊಳ್ಳಬೇಕು.

ಹೆಳವರು ಹೇಳಿದ ಊರು ಇಂದಿನ ಪಟ್ಟಿಯಲ್ಲಿ ಸಿಗದಿದ್ದರೆ ಅದು ಕಟ್ಟುಕಥೆ ಎಂದು ಕೈಬಿಡಬಾರದು. ಬರ, ಬೇನೆ, ಲೂಟಿಗಳಿಗೆ ಜನ ಬಿಟ್ಟುಹೋದ ಊರುಗಳು ಕಂದಾಯ ದಾಖಲೆಯಲ್ಲಿ ಬೇಚಿರಾಗ ಗ್ರಾಮಗಳಾಗಿ ಉಳಿದಿವೆ: ಮನೆಯಿಲ್ಲ, ಆದರೆ ಸೀಮೆಯಿದೆ, ಸರ್ವೆ ನಂಬರಿದೆ. ಹಳೆಯ ಸರ್ವೆ ಹಾಳೆಗಳಲ್ಲಿ ಪಾಳು ಊರಿಗೆ ಬೇರೆ ಗುರುತೇ ಇದೆ. ನೀರಿನಡಿ ಹೋದ ಊರುಗಳದು ಇನ್ನೊಂದು ಕಥೆ. ಹಿಡಕಲ್ ಜಲಾಶಯದಲ್ಲಿ ಮುಳುಗಿದ ಹುನ್ನೂರಿನ ವಿಠ್ಠಲ ಗುಡಿ ನೀರು ಇಳಿದಾಗ ಮಾತ್ರ ಕಾಣುತ್ತದೆ. ದೂಧಗಂಗೆಗೆ ಕಾಳಮ್ಮವಾಡಿಯಲ್ಲಿ ಕಟ್ಟಿದ ಅಣೆಕಟ್ಟೆಯೂ ಜನರನ್ನು ಎಬ್ಬಿಸಿತು. ಅಂಥ ಮನೆತನಗಳಿಗೆ ಹುಟ್ಟಿದೂರಿನ ಓಣಿ, ಬಾವಿ, ಗುಡಿ ಎಲ್ಲಿದ್ದವೆಂದು ತೋರಿಸಲು ಅಣೆಕಟ್ಟೆಗೆ ಮೊದಲಿನ ನಕಾಶೆ ಬಿಟ್ಟರೆ ಬೇರೆ ಆಧಾರ ಬಹಳಿಲ್ಲ.

ಇಂಚಿಗೆ ಒಂದು ಮೈಲಿಯ ಹಾಳೆಗಳು

ಊರುಗಳ ಮಟ್ಟದಲ್ಲಿ ಎಲ್ಲಕ್ಕಿಂತ ಉಪಯುಕ್ತವಾದವು ಸರ್ವೇ ಆಫ್ ಇಂಡಿಯಾದ ಹಾಳೆಗಳು. ಒಂದು ಇಂಚಿಗೆ ಒಂದು ಮೈಲಿ, ಅಂದರೆ 1:63,360 ಪ್ರಮಾಣದಲ್ಲಿ ಇವು ಹೊರಬಂದವು. ಸ್ವಾತಂತ್ರ್ಯಾನಂತರ 1:50,000ಕ್ಕೆ ಬದಲಾದವು. ಬಾವಿ, ಗುಡಿ, ಮಸೀದಿ, ಗೋರಿ, ಕಾಲುದಾರಿ, ಹೊಳೆ ದಾಟುವ ಕಡವು ಎಲ್ಲಕ್ಕೂ ಗುರುತುಗಳಿವೆ. ಹಾಳೆಗಳ ನಂಬರಿನ ಲೆಕ್ಕ ತಿಳಿದರೆ ಬೇಕಾದ್ದನ್ನು ಕೇಳಿ ಪಡೆಯುವುದು ಸುಲಭ. 16ರಿಂದ 17 ಡಿಗ್ರಿ ಅಕ್ಷಾಂಶ, 74ರಿಂದ 75 ಡಿಗ್ರಿ ರೇಖಾಂಶದ ಚೌಕಕ್ಕೆ 47 ಎಲ್ ಎಂದು ಹೆಸರು. ಅದರೊಳಗೆ 16 ಹಾಳೆಗಳು. ಕೊಲ್ಹಾಪುರ 47 ಎಲ್/2ರಲ್ಲಿ, ಕಾಗಲ ಮತ್ತು ಇಚಲಕರಂಜಿ 47 ಎಲ್/6ರಲ್ಲಿ, ನಿಪ್ಪಾಣಿ 47 ಎಲ್/7ರಲ್ಲಿ, ಗಡಹಿಂಗ್ಲಜ ಮತ್ತು ನೂಲ 47 ಎಲ್/8ರಲ್ಲಿ, ಚಿಕ್ಕೋಡಿ 47 ಎಲ್/11ರಲ್ಲಿ ಬರುತ್ತವೆ. ಚಂದಗಡ ಪಟ್ಟಣ 16 ಡಿಗ್ರಿಗಿಂತ ಕೆಳಗಿರುವುದರಿಂದ 48 ಐ ಚೌಕಕ್ಕೆ ಸೇರುತ್ತದೆ. ಊರು ಹಾಳೆಯ ಅಂಚಿನಲ್ಲಿದ್ದರೆ ಪಕ್ಕದ ಹಾಳೆಯನ್ನೂ ಜೊತೆಗೆ ತೆಗೆದುಕೊಳ್ಳಬೇಕು. ಹೆಣ್ಣು ಕೊಟ್ಟು ತಂದ ಊರುಗಳು, ಸಂತೆಯ ಊರು ಆ ಕಡೆಗೇ ಇರಬಹುದು.

ಈಗಿನ 1:50,000 ಹಾಳೆಗಳನ್ನು ಸರ್ವೇ ಆಫ್ ಇಂಡಿಯಾದ ಅಂತರಜಾಲ ತಾಣದಿಂದ ಇಳಿಸಿಕೊಳ್ಳಬಹುದು. ಆದರೆ ಹೊಸ ಸರಣಿಯ ನಂಬರು ಬೇರೆ ಕ್ರಮದ್ದು. ಅಮೆರಿಕದ ಸೇನೆಯ ನಕಾಶೆ ವಿಭಾಗ 1950ರ ದಶಕದಲ್ಲಿ ಭಾರತದ ಸರ್ವೆಯ ಆಧಾರದ ಮೇಲೆ ಮಾಡಿದ 1:2,50,000 ಪ್ರಮಾಣದ ಹಾಳೆಗಳನ್ನು ಟೆಕ್ಸಾಸ್ ವಿಶ್ವವಿದ್ಯಾಲಯದ ಗ್ರಂಥಾಲಯ ಪುಕ್ಕಟೆ ಒದಗಿಸಿದೆ. ಹೊಲ, ಓಣಿ ಅದರಲ್ಲಿ ಕಾಣವು. ದೊಡ್ಡ ಅಣೆಕಟ್ಟೆಗಳಿಗೆ ಮೊದಲಿನ ಊರುಗಳ ಹೆಸರು ಮಾತ್ರ ಸಿಗುತ್ತವೆ. ಇನ್ನೂ ಹಳೆಯ ಕೈಬರಹದ ನಕಾಶೆಗಳಿಗೆ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿರುವ ಇಂಡಿಯಾ ಆಫೀಸಿನ ಸಂಗ್ರಹ, ಮುಂಬಯಿಯ ಪುರಾಭಿಲೇಖಾಗಾರಗಳೇ ಗತಿ.

ನಕಾಶೆಯ ಮೇಲೆ ಅಚ್ಚಾದ ವರ್ಷ ಸರ್ವೆಯಾದ ವರ್ಷವಲ್ಲ. ಸರ್ವೆ ಯಾವ ಹಂಗಾಮಿನಲ್ಲಿ ನಡೆಯಿತೆಂದು ಅಂಚಿನಲ್ಲಿ ಸಣ್ಣಕ್ಷರದಲ್ಲಿ ಇರುತ್ತದೆ, ಅದನ್ನೇ ನಂಬಬೇಕು. ವರ್ಷವೇ ಇಲ್ಲದ ಪ್ರತಿ ಕೈಗೆ ಬಂದರೆ ರೈಲು ದಾರಿ ನೋಡಬಹುದು: ಮಿರಜ–ಕೊಲ್ಹಾಪುರ ರೈಲು 1891ರಲ್ಲಿ ಶುರುವಾಯಿತು, ಆ ದಾರಿ ಹಾಯುವ ಹಾಳೆಯಲ್ಲಿ ಅದು ಕಾಣದಿದ್ದರೆ ಸರ್ವೆ ಅದಕ್ಕೂ ಹಿಂದಿನದು. ಊರ ಹೆಸರುಗಳ ಇಂಗ್ಲಿಷ್ ಕಾಗುಣಿತವೂ ಕಾಲವನ್ನು ಹೇಳುತ್ತದೆ. 19ನೇ ಶತಮಾನದ ಮೊದಲರ್ಧದಲ್ಲಿ ಕಿವಿಗೆ ಕೇಳಿದಂತೆ ಬರೆದರು, ಆಮೇಲೆ ಒಂದು ನಿಯಮ ಬಂತು. ಚಿಕ್ಕೋಡಿಯ ‘ಡ’ ಹಳೆಯ ಕಾಗದಗಳಲ್ಲಿ ‘ರ’ ಆಗಿದೆ. ಹುಡುಕುವಾಗ ಡ-ರ, ಳ-ಲ ಅದಲುಬದಲು ಮಾಡಿ ನೋಡುವುದು ಒಳ್ಳೆಯದು.

ಹಳೆಯ ಹಾಳೆಯನ್ನು ಕಂಪ್ಯೂಟರಿನಲ್ಲಿ ಇಂದಿನ ಉಪಗ್ರಹ ಚಿತ್ರದ ಮೇಲೆ ಹೊಂದಿಸುವವರಿಗೆ ಒಂದು ಮಾತು. ಹಿಂದಿನ ಸರ್ವೆಯವರು ಮದರಾಸಿನ ಖಗೋಳ ವೀಕ್ಷಣಾಲಯದ ರೇಖಾಂಶವನ್ನು ಆಧಾರವಾಗಿ ಹಿಡಿದಿದ್ದರು. ಅದು ನಿಜಕ್ಕಿಂತ ಪೂರ್ವಕ್ಕೆ ಸರಿದಿತ್ತೆಂದು ಆಮೇಲೆ ಗೊತ್ತಾಗಿ, 20ನೇ ಶತಮಾನದ ಆರಂಭದಲ್ಲಿ ತಿದ್ದಿದರು. ವ್ಯತ್ಯಾಸ ಸುಮಾರು ಎರಡೂವರೆ ನಿಮಿಷ. ಈ ಸೀಮೆಯಲ್ಲಿ ಅದು ನಾಲ್ಕು ಕಿಲೋಮೀಟರಿಗೂ ಹೆಚ್ಚು. ಅಂಚಿನ ಅಂಕಿಗಳನ್ನು ನಂಬಿ ಹೊಂದಿಸಿದರೆ ಊರು ಪಕ್ಕದ ಊರಿನ ಮೇಲೆ ಕೂರುತ್ತದೆ. ಹೊಳೆಗಳ ಸಂಗಮ, ಗುಡ್ಡದ ತುದಿಯ ಗುಡಿ, ಕೋಟೆಯ ಬುರುಜು ಇಂಥ ಕದಲದ ನಾಲ್ಕೈದು ಗುರುತುಗಳನ್ನು ಹಿಡಿದು ಹೊಂದಿಸುವುದೇ ಸರಿಯಾದ ಕ್ರಮ. ಕ್ಯೂಜಿಐಎಸ್ ಎಂಬ ಉಚಿತ ತಂತ್ರಾಂಶ ಇದಕ್ಕೆ ಸಾಕು.

ಗ್ರಾಮ ನಕಾಶೆಯಿಂದ ಹೆಸರಿನವರೆಗೆ

ಊರು ಖಾತ್ರಿಯಾದ ಮೇಲೆ ಹೊಲಕ್ಕೆ ಇಳಿಯಬೇಕು. ಮುಂಬಯಿ ಪ್ರಾಂತದ ಕಂದಾಯ ಸರ್ವೆ 1835ರಲ್ಲಿ ಪುಣೆ ಜಿಲ್ಲೆಯ ಇಂದಾಪುರದಲ್ಲಿ ಗೋಲ್ಡ್‌ಸ್ಮಿಡ್ ಮತ್ತು ವಿಂಗೇಟರಿಂದ ಆರಂಭವಾಗಿ, ಬೆಳಗಾವಿ ಸೀಮೆಗೂ ಬಂತು. ಸಂಸ್ಥಾನಗಳು ಮುಂದೆ ಅದೇ ಮಾದರಿ ಹಿಡಿದವು. 33 ಅಡಿಯ ಸರಪಳಿ, ಅದರಲ್ಲಿ 16 ಆಣೆ. ಒಂದು ಸರಪಳಿ ಉದ್ದ ಒಂದು ಸರಪಳಿ ಅಗಲ ಒಂದು ಗುಂಟೆ. 40 ಗುಂಟೆ ಒಂದು ಎಕರೆ. ಗ್ರಾಮ ನಕಾಶೆಗಳು ಸಾಮಾನ್ಯವಾಗಿ ಇಂಚಿಗೆ 20 ಸರಪಳಿಯ ಪ್ರಮಾಣದಲ್ಲಿವೆ, ಅಂದರೆ ಮೈಲಿಗೆ 8 ಇಂಚು. ಇದರಲ್ಲಿ ಪ್ರತಿ ಸರ್ವೆ ನಂಬರಿನ ಆಕಾರ, ಗಾವಠಾಣ, ಹಳ್ಳ, ಬಂಡಿದಾರಿ, ಬಾಂದುಕಲ್ಲು, ಮೂರೂರ ಗಡಿ ಕೂಡುವ ಕಲ್ಲು ಎಲ್ಲವೂ ಸಿಗುತ್ತವೆ.

ಇಂಗ್ಲೆಂಡಿನಲ್ಲಿ 1836ರ ಕಾಯ್ದೆಯಂತೆ ಮಾಡಿದ ಚರ್ಚಿನ ದಶಾಂಶ ತೆರಿಗೆಯ ನಕಾಶೆಗಳ ಜೊತೆಗೆ ಯಾವ ತುಂಡು ಯಾರದು, ಯಾರು ಉಳುತ್ತಿದ್ದರು ಎಂಬ ಪಟ್ಟಿ ಇದೆ. ಅಲ್ಲಿಯ ವಂಶ ಸಂಶೋಧಕರು ಅದನ್ನೇ ಹಿಡಿದು ನಡೆಯುತ್ತಾರೆ. ಇಲ್ಲಿ ಆ ಕೆಲಸವನ್ನು ಗ್ರಾಮ ನಕಾಶೆ ಮತ್ತು ದಫ್ತರ ಸೇರಿ ಮಾಡುತ್ತವೆ. ನಕಾಶೆಯ ನಂಬರು ಹಿಡಿದು ಆಕಾರಬಂದ್ ನೋಡಿದರೆ ಹೊಲದ ಕ್ಷೇತ್ರ, ಆಕಾರ (ಕಂದಾಯ) ತಿಳಿಯುತ್ತದೆ. ಟಿಪ್ಪಣಿ, ಹಿಸ್ಸಾ ನಕಾಶೆ ನೋಡಿದರೆ ಅಣ್ಣತಮ್ಮಂದಿರು ಪಾಲಾದದ್ದು ಗೆರೆಯಾಗಿ ಕಾಣುತ್ತದೆ. ಯಾರಿಂದ ಯಾರಿಗೆ ವಾರಸಾ ಹೋಯಿತೆಂಬುದು ಫೇರಫಾರದಲ್ಲಿದೆ. ಮಹಾರಾಷ್ಟ್ರದಲ್ಲಿ ಅದು ಗ್ರಾಮ ನಮೂನೆ 6. ಎಲ್ಲರ ಬಾಯಲ್ಲಿರುವ ಸಾತಬಾರಾ ಅಂದರೆ ನಮೂನೆ 7 ಮತ್ತು 12. ಬ್ರಿಟಿಷ್ ಸೀಮೆಯಲ್ಲಿ ಹಕ್ಕುದಾಖಲೆಯ ಕಾಯ್ದೆ 1903ರಲ್ಲಿ ಬಂತು. ಅಲ್ಲಿಂದ ಈಚೆಗೆ ಒಂದೊಂದು ವಾರಸಾ ನೋಂದೂ ಒಂದು ತಲೆಮಾರನ್ನು ಹೆಸರಿಸುತ್ತದೆ: ಸತ್ತವನು, ಹೆಂಡತಿ, ಮಕ್ಕಳು, ಕೆಲವೊಮ್ಮೆ ಮದುವೆಯಾಗಿ ಹೋದ ಹೆಣ್ಣುಮಕ್ಕಳ ಊರು ಸಹಿತ. ಹಿಂದಿನ ಹುಟ್ಟು-ಸಾವಿನ ನೋಂದು ನಮೂನೆ 14ರಲ್ಲಿದೆ, ಜನ ಅದನ್ನು ಕೋತವಾಲ ಬುಕ್ ಎನ್ನುತ್ತಾರೆ. ಹಳೆಯ ಪುಸ್ತಕಗಳು ತಹಸೀಲ್ ಕಚೇರಿಯ ದಾಖಲೆ ಕೋಣೆಯಲ್ಲಿರುತ್ತವೆ.

ಗಡಿಯ ಈಚೆ-ಆಚೆ ಒಂದು ಮುಖ್ಯ ವ್ಯತ್ಯಾಸವಿದೆ. ಮಹಾರಾಷ್ಟ್ರದ ಹೆಚ್ಚಿನ ಹಳ್ಳಿಗಳಲ್ಲಿ 1947ರ ತುಂಡುಹಿಡುವಳಿ ತಡೆ ಮತ್ತು ಏಕತ್ರೀಕರಣ ಕಾಯ್ದೆಯಂತೆ ಮುಂದಿನ ದಶಕಗಳಲ್ಲಿ ಹೊಲಗಳನ್ನು ಒಗ್ಗೂಡಿಸಿ ಗಟ ನಂಬರು ಕೊಟ್ಟರು. ಅಜ್ಜನ ಕಾಗದದ ಸರ್ವೆ ನಂಬರನ್ನು ಇಂದಿನ ಸಾತಬಾರಾದಲ್ಲಿ ಹುಡುಕಿದರೆ ಬೇರೊಬ್ಬರ ಹೊಲ ಬರುತ್ತದೆ. ಯಾವ ಸರ್ವೆ ನಂಬರು ಯಾವ ಗಟವಾಯಿತೆಂಬ ಏಕತ್ರೀಕರಣದ ಉತಾರವನ್ನು ತಾಲ್ಲೂಕಿನ ಭೂಮಿ ಅಭಿಲೇಖ ಕಚೇರಿಯಲ್ಲಿ ಮೊದಲು ಪಡೆಯಬೇಕು. ಚಿಕ್ಕೋಡಿ, ಹುಕ್ಕೇರಿ ಕಡೆ ಹಳೆಯ ಸರ್ವೆ ನಂಬರೇ ಹಿಸ್ಸಾಗಳ ಸಮೇತ ನಡೆದುಬಂದಿದೆ. ಅಲ್ಲಿ ಗ್ರಾಮ ನಕಾಶೆಯನ್ನು ಕರ್ನಾಟಕ ಕಂದಾಯ ಇಲಾಖೆಯ ತಾಣದಿಂದ ಇಳಿಸಿಕೊಂಡು, ದಿಶಾಂಕ್ ಆ್ಯಪ್ ಹಿಡಿದು ಹೊಲದಲ್ಲೇ ನಿಂತು ನಂಬರು ನೋಡಬಹುದು. ಮಹಾರಾಷ್ಟ್ರದಲ್ಲಿ ಮಹಾಭೂನಕ್ಷಾ ಇದಕ್ಕೆ ಸಮಾನ.

ಸಂಸ್ಥಾನದ ಕಾಲದ ಕಾಗದಗಳಿಗೆ ಕೊಲ್ಹಾಪುರದ ಪುರಾಭಿಲೇಖಾಗಾರ, ಪೇಶ್ವೆ ದಫ್ತರ ಮತ್ತು ಇನಾಮು ಕಮಿಷನ್ ಕಾಗದಗಳಿಗೆ ಪುಣೆಯದು, ಬೆಳಗಾವಿ ಸೀಮೆಗೆ ತಾಲ್ಲೂಕು ದಾಖಲೆ ಕೋಣೆಗಳ ಜೊತೆಗೆ ಕರ್ನಾಟಕ ರಾಜ್ಯ ಪತ್ರಾಗಾರದ ಧಾರವಾಡ ವಿಭಾಗ ನೋಡಬೇಕು. ಗೌಡಕಿ, ಕುಲಕರ್ಣಿಕಿ, ಬೇರೆ ವತನ ಇದ್ದ ಮನೆತನಗಳಿಗೆ ಇಲ್ಲಿ ಹೆಚ್ಚಿನ ಸಾಮಗ್ರಿ ಇದೆ. ಶಾಹು ಮಹಾರಾಜರು 1918ರಲ್ಲಿ ಕುಲಕರ್ಣಿ ವತನ ತೆಗೆದು ತಲಾಠಿಗಳನ್ನು ನೇಮಿಸಿದರು, ಅದೇ ವರ್ಷ ಮಹಾರ ವತನವನ್ನೂ ರದ್ದುಮಾಡಿದರು. ವತನದ ಹೊಲಗಳನ್ನು ನಕಾಶೆಯಲ್ಲಿ ಗುರುತಿಸಿಕೊಂಡು, ಆ ವರ್ಷದ ಆಸುಪಾಸಿನ ಕಾಗದಗಳಲ್ಲಿ ಅವು ಯಾರ ಹೆಸರಿಗೆ ಹೋದವೆಂದು ನೋಡಬೇಕು. ಉಳುವವರಾಗಿ ಮಾತ್ರ ಇದ್ದ, ಹೊಲವೇ ಇಲ್ಲದ ಮನೆತನಗಳ ಹೆಸರು ಈ ಪುಸ್ತಕಗಳಲ್ಲಿ ವಿರಳ. ಮಗ್ಗದ ಕೆಲಸ ಹುಡುಕಿ ಇಚಲಕರಂಜಿಗೆ ಹೋದವರದೂ ಹಾಗೆಯೇ. 1904ರಲ್ಲಿ ಅಲ್ಲಿ ಮೊದಲ ವಿದ್ಯುತ್ ಮಗ್ಗ ಬಂದ ಮೇಲೆ ಊರು ಬೆಳೆದ ಬಗೆಯನ್ನು ಹೊಲದ ನಕಾಶೆಗಿಂತ ಸಿಟಿ ಸರ್ವೆ ನಕಾಶೆ ಮತ್ತು ಪ್ರಾಪರ್ಟಿ ಕಾರ್ಡು ಚೆನ್ನಾಗಿ ಹೇಳುತ್ತವೆ.

ಸಂಸ್ಥಾನದ ಬರಹ ಬಹುಪಾಲು ಮೋಡಿ ಲಿಪಿಯ ಮರಾಠಿ. ಮನೆಮಾತು ಕನ್ನಡವಾದರೂ ಹಿರಿಯರ ಹೆಸರು ಮರಾಠಿಯ ರೂಪದಲ್ಲೇ ಬರೆದಿರುತ್ತದೆ. ಮೋಡಿ ಓದುವವರ ನೆರವು ಬೇಕೇ ಬೇಕು; ಪುರಾಭಿಲೇಖಾಗಾರದಲ್ಲಿ ವಿಚಾರಿಸಿದರೆ ಅಂಥವರು ಸಿಗುತ್ತಾರೆ. ವರ್ಷಗಳೂ ಬೇರೆ ಲೆಕ್ಕದವು: ಶಕಕ್ಕೆ 78, ಫಸಲಿಗೆ 590, ಅರಬಿ ಶುಹೂರ ಸನ್ನಿಗೆ 599 ಕೂಡಿಸಿದರೆ ಇಸವಿ ಬರುತ್ತದೆ, ತಿಂಗಳ ಮೇಲೆ ಒಂದು ವರ್ಷ ಹೆಚ್ಚಾಗಬಹುದು.

ಗ್ರಾಮ ನಕಾಶೆ ಮಾಲಿಕತ್ವದ ಪುರಾವೆಯಲ್ಲ ಎಂಬುದನ್ನೂ ಇಲ್ಲೇ ಹೇಳಬೇಕು. ಮೂಲ ಹುಡುಕಲು ಹೊರಟವರು ಹಳೆಯ ಗೆರೆ ತೋರಿಸಿ ಬಾಂದಿನ ಜಗಳ ಎಬ್ಬಿಸಿದರೆ ಊರಲ್ಲಿ ಯಾರೂ ಮುಂದೆ ಬಾಯಿ ಬಿಡುವುದಿಲ್ಲ. ಬಂದ ಉದ್ದೇಶವನ್ನು ಚಾವಡಿಯಲ್ಲೇ ಮೊದಲು ತಿಳಿಸುವುದು ಮೇಲು.

ಯಾವ ಕಚೇರಿಯ ನಕಾಶೆಯಲ್ಲೂ ಪೂರ್ತಿ ಸಿಗದ ಒಂದು ಸಂಗತಿ ಹೊಲಗಳ ಹೆಸರು. ಮಡ್ಡಿ, ಎರಿ, ಹೊಳೀಸಾಲ, ಗುಡಿಹೊಲ, ಗೌಡರ ಪಟ್ಟಿ ಎಂಬ ಹೆಸರುಗಳು ಮಣ್ಣನ್ನೂ ಹೇಳುತ್ತವೆ, ಹಿಂದಿನ ಒಡೆಯರನ್ನೂ ಹೇಳುತ್ತವೆ. ಮಹಾರಾಷ್ಟ್ರದ ಸಾತಬಾರಾದಲ್ಲಿ ಹೊಲದ ಸ್ಥಳೀಯ ಹೆಸರಿಗೆ ಒಂದು ಅಂಕಣವಿದೆ, ಆದರೆ ಎಷ್ಟೋ ಕಡೆ ಅದು ಖಾಲಿ. ಊರಿನ ಹಿರಿಯರಿಗೆ ಇವು ಇನ್ನೂ ನೆನಪಿವೆ. ಗ್ರಾಮ ನಕಾಶೆಯ ಒಂದು ದೊಡ್ಡ ಜೆರಾಕ್ಸ್ ಪ್ರತಿ ಒಯ್ದು, ಅವರ ಜೊತೆ ಸೀಮೆ ಸುತ್ತಿ, ಪ್ರತಿ ನಂಬರಿನ ಮೇಲೆ ಅವರು ಹೇಳಿದ ಹೆಸರನ್ನು ಕನ್ನಡದಲ್ಲೇ ಬರೆದು, ಹೇಳಿದವರು ಯಾರು, ಯಾವ ದಿನ ಎಂದು ಅಂಚಿನಲ್ಲಿ ನಮೂದಿಸಿ, ಒಂದು ಪ್ರತಿಯನ್ನು ಊರ ಶಾಲೆಗೋ ಮಠಕ್ಕೋ ಕೊಡಬೇಕು. ದಫ್ತರದ ಕಾಗದಕ್ಕೆ ಮುಂದಿನ ವರ್ಷವೂ ಅರ್ಜಿ ಹಾಕಬಹುದು. ಈ ಕೆಲಸವನ್ನು ಮಾತ್ರ ಹಿರಿಯರು ಇರುವಾಗಲೇ ಮುಗಿಸಬೇಕು.